4 ವರ್ಷದ ಮಗಳು 21 ಕೆಜಿ ಇದ್ದಾಳೆ, ಡಯಟ್ ಮಾಡಿಸ್ಬೇಕಾ?

ನಿಮ್ ಪ್ರಶ್ನೆ ಓದಿ ನಮ್ಮನೆ ಕಥೆನೇ ನೆನಪಾಯ್ತು. ಡಾಕ್ಟರ್ ತೂಕ ಜಾಸ್ತಿ ಅಂದ್ರು, ಮನೇಲಿ ನೋಡಿದ್ರೆ ಬೆಳೀತಾ ಇಳಿಯುತ್ತೆ ಬಿಡು, ಮಗು ತೂಕ ಹೇಳ್ಕೊಂಡು ಓಡಾಡ್ಬೇಡ ದೃಷ್ಟಿಯಾಗುತ್ತೆ ಅಂತಾರೆ, ಡಯಟ್ ಶುರು ಮಾಡ್ಲಾ ಅಂತ ಕೇಳಿದೀರ. ಡಯಟ್ ಬೇಡ. ಹಂಗಂತ ಸುಮ್ನೆ ಕೂರೋದೂ ಬೇಡ.

ನಾನು ಡಾಕ್ಟರಲ್ಲ, ಮೈಸೂರಲ್ಲಿರೋ ಒಬ್ಳು ಅಮ್ಮ ಅಷ್ಟೇ. ನನ್ ಮಗ 3 ವರ್ಷ 10 ತಿಂಗಳಿಗೆ 22 ಕೆಜಿ ಇದ್ದ, ಎತ್ತರ 101 ಸೆಂಟಿಮೀಟರ್. ಆ ವಯಸ್ಸಿಗೆ ಸುಮಾರು 16 ಕೆಜಿ ಇರ್ಬೇಕಂತೆ. ನಮಗೆ ಅನುಮಾನನೇ ಬಂದಿರ್ಲಿಲ್ಲ, ಯಾಕಂದ್ರೆ ಯಾರ ಮದುವೆಗೆ ಹೋದ್ರೂ ಕೆನ್ನೆ ಹಿಂಡಿ ಏನೋ ಗುಂಡಪ್ಪ ಅನ್ನೋರು, ನಮ್ಮತ್ತೆಗೆ ಅದೇ ಹೆಮ್ಮೆ. ಜ್ವರ ಅಂತ ಕರ್ಕೊಂಡು ಹೋದಾಗ ಡಾಕ್ಟರು ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಚಾರ್ಟ್ ತೋರ್ಸಿದ್ರು. 5 ವರ್ಷದೊಳಗಿನ ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡೋದಂತೆ, ನಡುವಿನ ಗೆರೆಗಿಂತ ಮೇಲಿರೋ +2 ಗೆರೆ ದಾಟಿದ್ರೆ ಓವರ್‌ವೇಟ್, +3 ದಾಟಿದ್ರೆ ಒಬೆಸಿಟಿ, ಅಂದ್ರೆ ಬೊಜ್ಜು. ಇವನ ಚುಕ್ಕೆ +3ಕ್ಕೂ ಮೇಲಿತ್ತು.

ಏನ್ ತಿಂತಾನೆ ಅಂದ್ರು. ಏನೂ ತಿನ್ನಲ್ಲ ಸರ್ ಅಂದೆ, ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ದೆ. ಸರಿ, ಏನ್ ಕುಡೀತಾನೆ ಅಂದ್ರು. ದಿನಕ್ಕೆ 4 ಲೋಟ ಫುಲ್ ಕ್ರೀಮ್ ಹಾಲು, ಒಂದೊಂದಕ್ಕೂ 2 ಚಮಚ ಸಕ್ಕರೆ, ಎರಡಕ್ಕೆ ಚಾಕೊಲೇಟ್ ಪೌಡರ್ ಬೇರೆ. ಚೀಟಿ ಹಿಂದೆನೇ ಲೆಕ್ಕ ಹಾಕಿದ್ರು. 200 ಎಂಎಲ್ ಲೋಟ ಅಂದ್ರೂ 800 ಎಂಎಲ್, ಹತ್ತತ್ರ 700 ಕ್ಯಾಲರಿ, 8 ಚಮಚ ಸಕ್ಕರೆ ಇನ್ನೊಂದು 130. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ 4ರಿಂದ 6 ವರ್ಷದ ಮಗುಗೆ ಇಡೀ ದಿನಕ್ಕೆ 1360 ಸಾಕು. ಅರ್ಧಕ್ಕಿಂತ ಜಾಸ್ತಿ ಲೋಟದಲ್ಲೇ ಮುಗೀತಿತ್ತು, ಅದಕ್ಕೇ ಅನ್ನ ಸಾರು ಬೇಡ ಅಂತಿದ್ದ, ಪಾಪ ಮಗು ಊಟ ಮಾಡಿಲ್ಲ ಅಂತ ನಾವು ಇನ್ನೊಂದು ಲೋಟ ಕುಡಿಸ್ತಿದ್ವಿ!

ಹಾಲು 2 ಲೋಟಕ್ಕೆ ಇಳಿಸಿದ್ವಿ, ಪೌಡರ್ ಡಬ್ಬ ಖಾಲಿಯಾದ್ಮೇಲೆ ತರ್ಲಿಲ್ಲ, ಸಕ್ಕರೆನ ಒಂದು ತಿಂಗಳಲ್ಲಿ ಚೂರು ಚೂರೇ ಕಮ್ಮಿ ಮಾಡಿದ್ವಿ. ಮೊಬೈಲ್ ಮಾತ್ರ ಯುದ್ಧ. ಅತ್ತೆ ಮೊಬೈಲ್ ಕೊಟ್ಟು ಕೂರಿಸಿ ತುತ್ತು ಹಾಕೋರು, ಅದು ಓಡ್ತಾ ಇದ್ರೆ ಹೊಟ್ಟೆ ತುಂಬಿದ್ದೂ ಗೊತ್ತಾಗದೆ ಬಾಯಿ ತೆರೀತಾನೇ ಇರ್ತಾನೆ. ನಿಲ್ಸಿದಾಗ ಮೂರು ದಿನ ಅತ್ತ, ನಾಲ್ಕನೇ ದಿನ ತಾನೇ ಕೈ ಹಾಕಿ ಅರ್ಧ ಚಪಾತಿ ತಿಂದು ಎದ್ದ. ಅರ್ಧ ಸಾಕಾ ಅಂತ ನನಗೇ ಭಯ ಆಯ್ತು. ಈ ವಯಸ್ಸಿಗೆ ಸ್ಕ್ರೀನ್ ದಿನಕ್ಕೆ 1 ಗಂಟೆ ದಾಟ್ಬಾರ್ದು, ಓಡಾಟ ಆಟ ಎಲ್ಲಾ ಸೇರಿ 3 ಗಂಟೆ ಇರ್ಬೇಕು ಅಂತ ಡಬ್ಲ್ಯೂಎಚ್‌ಒ 2019ರಲ್ಲೇ ಹೇಳಿದೆ, ನಮ್ಮನೇಲಿ ಅದು ಉಲ್ಟಾ ಇತ್ತು.

ಅತ್ತೆ "ನನ್ ಮಗನ್ನೂ ಹಿಂಗೇ ಸಾಕಿದ್ದು" ಅಂದ್ರು. ಆ ಮಗನಿಗೆ 36ಕ್ಕೇ ಶುಗರ್ ಮಾತ್ರೆ ನಡೀತಿದೆ, ನಾನು ಬಾಯಿ ಬಿಡ್ಲಿಲ್ಲ. ಮುಂದಿನ ಸಲ ಅವರನ್ನೇ ಡಾಕ್ಟರ್ ಹತ್ರ ಕಳಿಸ್ದೆ. ನಾನ್ ಹೇಳಿದ್ರೆ ಸೊಸೆ ಮಾತು, ಡಾಕ್ಟರ್ ಹೇಳಿದ್ರೆ ವೇದವಾಕ್ಯ. ನೀವೂ ಮನೇಲಿ ಊಟ ಮಾಡ್ಸೋರು ಯಾರೋ ಅವರನ್ನೇ ಕರ್ಕೊಂಡು ಹೋಗಿ.

ತೂಕ ಇಳಿಸೋಕೆ ಮಾತ್ರ ಹೋಗ್ಬೇಡಿ. ಈ ವಯಸ್ಸಲ್ಲಿ ವರ್ಷಕ್ಕೆ 6-7 ಸೆಂಟಿಮೀಟರ್ ಬೆಳೀತಾರೆ, ತೂಕ ಇದ್ದಲ್ಲೇ ನಿಂತ್ರೂ ಎತ್ತರ ಬಂದು ಸರಿ ಮಾಡುತ್ತೆ. ತೂಕ ಏರ್ತಾ ಎತ್ತರ ನಿಂತೋಗಿದ್ರೆ ಥೈರಾಯ್ಡ್ ಏನಾದ್ರೂ ಇದೆಯಾ ನೋಡಿಸ್ಬೇಕು, ರಾತ್ರಿ ಗೊರಕೆ ಹೊಡೆದ್ರೂ ಡಾಕ್ಟರ್‌ಗೆ ಹೇಳಿ. ಕುತ್ತಿಗೆ ಹಿಂದೆ ಕಪ್ಪಗೆ ಒರಟಾಗಿದ್ರೆ ಅದೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದಕ್ಕೆ ಗುರುತಿರ್ಬಹುದಂತೆ, ನಾನು ಕೊಳೆ ಅಂತ ಕಡ್ಲೆಹಿಟ್ಟು ಹಾಕಿ ಉಜ್ಜಿದ್ದೇ ಉಜ್ಜಿದ್ದು.

ಈಗ 5 ವರ್ಷ 4 ತಿಂಗಳು, 111 ಸೆಂಟಿಮೀಟರ್, 23.5 ಕೆಜಿ. ಎತ್ತರಕ್ಕೆ ಹೋಲಿಸಿದ್ರೆ ತೂಕ ಮುಂಚಿಗಿಂತ ಎಷ್ಟೋ ವಾಸಿ, ಆದ್ರೆ ಇನ್ನೂ ಜಾಸ್ತಿನೇ ಇದೆ. ನೀವು ಮಗಳ ಎತ್ತರನೇ ಬರ್ದಿಲ್ಲ ನೋಡಿ. ಚಪ್ಪಲಿ ತೆಗೆಸಿ ಗೋಡೆಗೆ ನಿಲ್ಸಿ ಅಳತೆ ತಗೊಂಡು ಹಾಕಿ, ದಿನಕ್ಕೆ ಎಷ್ಟು ಲೋಟ ಹಾಲು ಅಂತಾನೂ.