ಬಟಾಣಿಯಷ್ಟು ಕ್ರೀಮು, ಮೂರು ತಿಂಗಳ ತಾಳ್ಮೆ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಔಷಧಿಯ ಬಗ್ಗೆ ಇದ್ದವು: ಟೆಸ್ಟೋಸ್ಟೆರಾನ್, ಅಂದರೆ ಗಂಡಸರಲ್ಲಿ ಹೆಚ್ಚಾಗಿ, ಹೆಂಗಸರಲ್ಲೂ ಸ್ವಲ್ಪ ಇರುವ ಹಾರ್ಮೋನ್. ಕೇಳಿದವರು ಮೂರು ಬೇರೆ ಬೇರೆ ಬದುಕಿನವರು. ಹೆಸರುಗಳನ್ನು ಬಿಟ್ಟು ಪತ್ರಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಡಾಕ್ಟರ್ ಮೇಡಂ. ನನಗೆ 52 ವರ್ಷ. ತವರು ಮೈಸೂರು, ಈಗ ಮೆಲ್ಬರ್ನ್‌ನಲ್ಲಿದ್ದೇನೆ. ಇಲ್ಲಿನ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಮುಟ್ಟು ನಿಂತು ಎರಡು ವರ್ಷ ಆಯಿತು. ಈಸ್ಟ್ರೋಜೆನ್ ಪ್ಯಾಚ್ ಹಚ್ಚುತ್ತೇನೆ, ರಾತ್ರಿ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ತಗೊಳ್ಳುತ್ತೇನೆ. ಬೆವರು ನಿಂತಿದೆ, ನಿದ್ದೆ ಬರುತ್ತಿದೆ. ಆದರೆ ಗಂಡ-ಹೆಂಡತಿ ಸೇರುವ ಆಸೆ ಪೂರ್ತಿ ಹೋಗಿಬಿಟ್ಟಿದೆ. ನಮ್ಮೆಜಮಾನರು ಏನೂ ಅನ್ನುವುದಿಲ್ಲ, ನನಗೇ ಬೇಸರ. ಇಲ್ಲಿನ ಡಾಕ್ಟರ್ ಹೆಂಗಸರ ಟೆಸ್ಟೋಸ್ಟೆರಾನ್ ಕ್ರೀಮು ಕೊಟ್ಟು, ದಿನಕ್ಕೆ ಅರ್ಧ ಮಿ.ಲೀ. ತೊಡೆಗೆ ಹಚ್ಚಿ ಅಂದರು. ಒಂದು ತಿಂಗಳಾದರೂ ಏನೂ ಅನಿಸಲಿಲ್ಲ. ನಾನೇ ಒಂದು ಮಿ.ಲೀ. ಮಾಡಿಕೊಂಡೆ. ಈಗ ಗಲ್ಲದ ಮೇಲೆ ಮೊಡವೆ, ತೊಡೆ ಮೇಲೆ ಕೂದಲು. ತಾರಸ್ಥಾಯಿಯಲ್ಲಿ ಗಂಟಲು ಒರಟು ಅನಿಸುತ್ತಿದೆ. ಅಕ್ಕ ಫೋನಿನಲ್ಲಿ, "ಹಾರ್ಮೋನ್ ಅಂದ್ರೆ ಕ್ಯಾನ್ಸರ್, ಎಲ್ಲ ಬಿಟ್ಟುಬಿಡು" ಅನ್ನುತ್ತಾಳೆ. ಸುಸ್ತಿಗೂ ಮರೆವಿಗೂ ಈ ಕ್ರೀಮು ಒಳ್ಳೆಯದು ಅಂತ ಗೆಳತಿ ಹೇಳುತ್ತಾಳೆ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲು ಗಂಟಲಿನ ಮಾತು. ನೀವು ಹಾಡುವವರು, ಹಾಗಾಗಿ ಉಳಿದದ್ದೆಲ್ಲ ಆಮೇಲೆ. ಕ್ರೀಮನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಟೆಸ್ಟೋಸ್ಟೆರಾನನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವಿಲ್ಲ. ಮೊಡವೆ ಹೋಗುತ್ತದೆ, ತೊಡೆಯ ಕೂದಲೂ ನಿಧಾನವಾಗಿ ಕಡಿಮೆಯಾಗುತ್ತದೆ. ಧ್ವನಿ ಹಾಗಲ್ಲ. ಈ ಹಾರ್ಮೋನಿನಿಂದ ಒಮ್ಮೆ ದಪ್ಪವಾದ ಧ್ವನಿ ಹಿಂದಕ್ಕೆ ಬರದೇ ಹೋಗಬಹುದು. ಹೆಂಗಸರಿಗೆ ಸರಿಯಾದ ಅಳತೆಯಲ್ಲಿ ಕೊಟ್ಟಾಗ ಹೀಗಾಗುವುದು ತೀರಾ ಅಪರೂಪ. ಅಳತೆ ಮೀರಿದಾಗಲೇ ಭಯ.

ಹೆದರಬೇಡಿ. ಮುಟ್ಟು ನಿಂತ ಮೇಲೆ ಧ್ವನಿ ತಾನಾಗಿಯೂ ಸ್ವಲ್ಪ ಇಳಿಯುತ್ತದೆ, ಗಂಟಲು ಒಣಗುತ್ತದೆ. ಶೀತವೂ ಇರಬಹುದು, ಹೊಟ್ಟೆಯ ಹುಳಿ ಮೇಲೆ ಬರುವುದೂ ಇರಬಹುದು. ಯಾವುದು ಅಂತ ತಿಳಿಯಲು ಕಿವಿ-ಮೂಗು-ಗಂಟಲಿನ ಡಾಕ್ಟರ್ ಸ್ವರತಂತುಗಳನ್ನು ಕ್ಯಾಮೆರಾ ಹಾಕಿ ನೋಡಬೇಕು. ಇನ್ನೊಂದು ಕೆಲಸ ನೀವೇ ಮಾಡಬಹುದು. ನಿಮಗೆ ಪಳಗಿದ ಒಂದು ವರ್ಣವನ್ನು, ಯಾವಾಗಲೂ ಹಾಡುವ ಶ್ರುತಿಯಲ್ಲೇ, ಬೆಳಗಿನ ಒಂದೇ ಹೊತ್ತಿನಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎರಡು ವಾರಕ್ಕೊಮ್ಮೆ ಮತ್ತೆ ಮಾಡಿ. ಮೇಲಿನ ಸ್ವರಗಳು ಕೈ ತಪ್ಪುತ್ತಿವೆಯೇ, ಮಂದ್ರದಲ್ಲಿ ಹಿಂದೆ ಸಿಗದ ಸ್ವರ ಈಗ ಸುಲಭವಾಗಿ ಸಿಗುತ್ತಿದೆಯೇ? ಡಾಕ್ಟರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ನಿಮ್ಮ ಕಿವಿ ಹಿಡಿಯುವ ಬದಲಾವಣೆ ಎಷ್ಟೋ ಡಾಕ್ಟರುಗಳ ಕಿವಿಗೆ ಬೀಳುವುದೇ ಇಲ್ಲ.

ಇನ್ನು ಅಳತೆಯ ವಿಷಯ. ಪರ್ತ್‌ನಲ್ಲಿ ತಯಾರಾಗುವ ಆಂಡ್ರೋಫೆಮ್ ಎಂಬ ಕ್ರೀಮಿಗೆ ಆಸ್ಟ್ರೇಲಿಯಾ ಸರ್ಕಾರ 2020ರ ನವೆಂಬರ್‌ನಲ್ಲಿ ಅನುಮತಿ ಕೊಟ್ಟಿತು. ಹೆಂಗಸರಿಗೆಂದೇ ಅಳತೆ ಮಾಡಿದ ಟೆಸ್ಟೋಸ್ಟೆರಾನ್ ಸಿಗುವ ಕೆಲವೇ ದೇಶಗಳಲ್ಲಿ ನೀವು ಇದ್ದೀರಿ. ಅದರ ಒಂದು ಮಿ.ಲೀ.ನಲ್ಲಿ 10 ಮಿ.ಗ್ರಾಂ. ಹಾರ್ಮೋನ್ ಇರುತ್ತದೆ. ಅರ್ಧ ಮಿ.ಲೀ. ಅಂದರೆ 5 ಮಿ.ಗ್ರಾಂ. ನೋಡಲು ಒಂದು ಬಟಾಣಿ ಕಾಳಿನಷ್ಟು, ಅಷ್ಟೇ. ಆದರೆ ಕಣ್ಣಳತೆ ಬೇಡ, ಟ್ಯೂಬಿನ ಜೊತೆ ಬರುವ ಅಳತೆಯ ಸಿರಿಂಜನ್ನೇ ಬಳಸಿ. ಟ್ಯೂಬಿನಲ್ಲಿ 50 ಮಿ.ಲೀ. ಇರುತ್ತದೆ, ಸರಿಯಾಗಿ ಹಚ್ಚಿದರೆ ಮೂರು ತಿಂಗಳು ದಾಟಬೇಕು. ಬೇಗ ಮುಗಿಯಿತು ಅಂದರೆ ಎಲ್ಲೋ ಜಾಸ್ತಿ ಆಗುತ್ತಿದೆ ಅಂತಲೇ ಅರ್ಥ. ಅದರಲ್ಲಿ ಬಾದಾಮಿ ಎಣ್ಣೆ ಇರುತ್ತದೆ, ಬಾದಾಮಿ ಅಲರ್ಜಿ ಇದ್ದವರಿಗೆ ಅದು ಬೇಡ.

ಒಂದು ತಿಂಗಳಲ್ಲಿ ಏನೂ ಅನಿಸಲಿಲ್ಲ ಅಂದಿರಿ. ಅನಿಸುವುದಿಲ್ಲ! ಈ ಮಾತನ್ನು ಮೊದಲ ದಿನವೇ ನಿಮಗೆ ಬಿಡಿಸಿ ಹೇಳಬೇಕಾಗಿತ್ತು ಅಂತ ನನಗೆ ಬೇಜಾರಾಗುತ್ತದೆ. ಟೆಸ್ಟೋಸ್ಟೆರಾನ್ ತಲೆನೋವಿನ ಮಾತ್ರೆಯ ಹಾಗೆ ಕೆಲಸ ಮಾಡುವುದಿಲ್ಲ. ಆಸೆಯಲ್ಲಿ ಬದಲಾವಣೆ ಕಾಣಲು ಒಂದೂವರೆ-ಎರಡು ತಿಂಗಳು ಬೇಕು, ಪೂರ್ತಿ ಪರಿಣಾಮಕ್ಕೆ ಸುಮಾರು ಮೂರು ತಿಂಗಳು. ಆರು ತಿಂಗಳಾದರೂ ಏನೂ ಇಲ್ಲ ಅಂದರೆ ಬಿಟ್ಟುಬಿಡಬೇಕು. ಶುರು ಮಾಡುವ ಮುಂಚೆ ಒಂದು ರಕ್ತ ಪರೀಕ್ಷೆ, ಶುರುವಾದ 3ರಿಂದ 6 ವಾರದೊಳಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಈ ಪರೀಕ್ಷೆ ಆಸೆಯನ್ನು ಅಳೆಯುವುದಕ್ಕಲ್ಲ. ಮಟ್ಟ ಹೆಂಗಸರ ಮಿತಿ ದಾಟಿಲ್ಲ ತಾನೇ ಅಂತ ನೋಡುವುದಕ್ಕೆ. ಪ್ರಮಾಣ ಏರಿಸುವುದಿದ್ದರೆ ಆ ವರದಿ ಕೈಯಲ್ಲಿ ಹಿಡಿದು ಡಾಕ್ಟರ್ ಏರಿಸಬೇಕು. ನೀವೇ ಎರಡರಷ್ಟು ಮಾಡಿಕೊಂಡ ವಿಷಯವನ್ನು ಅವರಿಗೆ ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದಿದ್ದರೆ ವರದಿಯನ್ನು ಅವರು ತಪ್ಪಾಗಿ ಓದುತ್ತಾರೆ.

ಗಂಟಲು ಸರಿಯಿದೆ ಅಂತ ಗೊತ್ತಾಗಿ ಮತ್ತೆ ಶುರು ಮಾಡಿದರೂ ಅರ್ಧ ಮಿ.ಲೀ. ದಾಟಬೇಡಿ. ಬೇರೆಯವರಿಗೆ ನಾನು ಇಷ್ಟು ಬಿಗಿಯಾಗಿ ಹೇಳುವುದಿಲ್ಲ, ಹಾಡುವವರಿಗೆ ಹೇಳುತ್ತೇನೆ.

ಎಷ್ಟು ಲಾಭ ಅಂತಲೂ ತಿಳಿದಿರಲಿ. 36 ಪ್ರಯೋಗಗಳ, 8,480 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ಸೇರಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದನ್ನು ಮಾಡಿದ್ದು ನಿಮ್ಮದೇ ಊರಿನ ಮೊನಾಶ್ ವಿಶ್ವವಿದ್ಯಾಲಯದ ತಂಡ. ಮುಟ್ಟು ನಿಂತವರಲ್ಲಿ ಆಸೆ ಹೆಚ್ಚಿತು, ಬೇಸರ ಕಡಿಮೆಯಾಯಿತು. ತೃಪ್ತಿ ಕೊಟ್ಟ ಮಿಲನ ಸರಾಸರಿ ತಿಂಗಳಿಗೆ ಒಂದರಷ್ಟು ಜಾಸ್ತಿಯಾಯಿತು. ಕೆಲವರಿಗೆ ಇದು ಚಿಕ್ಕದು ಅನಿಸಬಹುದು, ಆದರೆ ಪೂರ್ತಿ ಬತ್ತಿಹೋಯಿತು ಅಂದುಕೊಂಡವರಿಗೆ ಅದು ದೊಡ್ಡದೇ. ನಿಮಗೇ ಬೇಸರ ಅಂತ ಬರೆದಿದ್ದೀರಲ್ಲ, ಈ ಚಿಕಿತ್ಸೆಗೆ ಬೇಕಾದದ್ದು ಅದೇ ಕಾರಣ. ಗಂಡನಿಗಾಗಿ ಅಂತ ಬರುವವರಿಗೆ ನಾನು ಕ್ರೀಮು ಬರೆಯುವುದಿಲ್ಲ.

ಸುಸ್ತು, ಮರೆವು, ಮನಸ್ಸಿನ ಮಂಕಿಗೆ ಇದು ಔಷಧಿ ಅಂತ ಆ ಪ್ರಯೋಗಗಳಲ್ಲಿ ಕಂಡುಬಂದಿಲ್ಲ. ಅದಕ್ಕೆ ಥೈರಾಯ್ಡ್, ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ, ಬಿ12 ನೋಡಿಸಿ. ಸಸ್ಯಾಹಾರಿಗಳಾದರೆ ಬಿ12 ಮರೆಯಲೇಬೇಡಿ. ಇನ್ನೊಂದು ವಿಷಯ ನೀವು ಬರೆದಿಲ್ಲ, ನಾನೇ ಕೇಳುತ್ತೇನೆ: ಸೇರುವಾಗ ನೋವಿದೆಯಾ? ನೋವಾಗುತ್ತದೆ ಅಂತ ಗೊತ್ತಿರುವ ಕಡೆಗೆ ಆಸೆ ಹೋಗುವುದಾದರೂ ಹೇಗೆ? ಅಲ್ಲಿ ಒಣಗಿದ್ದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮು ಬೇಕು. ಎಷ್ಟೋ ಜನರಿಗೆ ಅದೊಂದರಿಂದಲೇ ಅರ್ಧ ತೊಂದರೆ ನೀಗುತ್ತದೆ.

ಅಕ್ಕನಿಗೆ ಪ್ರೀತಿ ಇದೆ, ಅದಕ್ಕೇ ಹೆದರಿಕೆ. ಆ ಹೆದರಿಕೆ ಹರಡಿದ್ದು 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅವರು ನುಂಗಿದ ಮಾತ್ರೆಗಳೂ ನಿಮ್ಮ ಪ್ಯಾಚ್, ಕ್ಯಾಪ್ಸೂಲ್‌ಗಳಲ್ಲ. ವರ್ಷಕ್ಕೊಮ್ಮೆ ಡಾಕ್ಟರ ಜೊತೆ ಕೂತು ಲಾಭ-ಅಪಾಯದ ಲೆಕ್ಕ ನೋಡಿ, ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ) ತಪ್ಪಿಸಬೇಡಿ. ಆದರೆ ಅವಸರದಲ್ಲಿ ಕ್ಯಾಪ್ಸೂಲ್ ಬಿಟ್ಟು ಪ್ಯಾಚ್ ಮಾತ್ರ ಉಳಿಸಿಕೊಳ್ಳುವ ಕೆಲಸ ಮಾತ್ರ ಬೇಡ. ಗರ್ಭಕೋಶ ಇರುವವರಿಗೆ ಅದರ ಒಳಪದರವನ್ನು ಕಾಯುವುದು ಆ ಕ್ಯಾಪ್ಸೂಲೇ. ಪ್ಯಾಚ್ ಇರುವುದು ಇನ್ನೊಂದು ರೀತಿಯಲ್ಲೂ ಅನುಕೂಲ. ನುಂಗುವ ಈಸ್ಟ್ರೋಜೆನ್ ಮಾತ್ರೆಯಾಗಿದ್ದರೆ, ಟೆಸ್ಟೋಸ್ಟೆರಾನನ್ನು ರಕ್ತದಲ್ಲೇ ಹಿಡಿದಿಡುವ ಒಂದು ಪ್ರೋಟೀನು ಜಾಸ್ತಿಯಾಗಿ ಕ್ರೀಮಿನ ಕೆಲಸ ಕುಂದುತ್ತಿತ್ತು.

ಕೊನೆಗೆ ಮೊಮ್ಮಗಳು. ಚಿಕ್ಕ ಮಕ್ಕಳು ಬಂದು ಕೂರುವುದೇ ತೊಡೆಯ ಮೇಲೆ, ನೀವು ಕ್ರೀಮು ಹಚ್ಚುವುದೂ ಅಲ್ಲೇ. ಗಂಡಸರು ಹಚ್ಚಿಕೊಂಡ ಟೆಸ್ಟೋಸ್ಟೆರಾನ್ ಜೆಲ್ ತಾಗಿ ಪುಟ್ಟ ಮಕ್ಕಳಲ್ಲಿ ವಯಸ್ಸಿಗೆ ಮುಂಚೆ ಕೂದಲು ಬಂದ, ಜನನಾಂಗ ದೊಡ್ಡದಾದ ಪ್ರಕರಣಗಳು ಕಂಡುಬಂದವು. ಅದಕ್ಕೇ ಅಮೆರಿಕದ ಔಷಧಿ ಇಲಾಖೆ 2009ರಲ್ಲಿ ಜೆಲ್‌ಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಮುದ್ರಿಸಲು ಹೇಳಿತು. ನಿಮ್ಮ ಅಳತೆ ಅದಕ್ಕಿಂತ ಬಹಳ ಕಡಿಮೆ, ಆದರೂ ಎಚ್ಚರ ಅಷ್ಟೇ ಇರಲಿ. ಸ್ನಾನ ಆದಮೇಲೆ ಮೈ ಪೂರ್ತಿ ಒರೆಸಿಕೊಂಡು ತೊಡೆಯ ಮೇಲಿನ ಹೊರಭಾಗಕ್ಕೆ ತೆಳ್ಳಗೆ ಸವರಿ. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಒಂದೇ ಜಾಗಕ್ಕೆ ಹಚ್ಚಿದ್ದಕ್ಕೇ ಕೂದಲು ಅಲ್ಲಿ ಜಾಸ್ತಿ ಬಂದಿರುತ್ತದೆ. ಕ್ರೀಮು ಒಣಗಿದ ಮೇಲೆ ಪೈಜಾಮ ಹಾಕಿಕೊಳ್ಳಿ, ನೈಟಿ ಮೇಲೆ ಸರಿದುಬಿಡುತ್ತದೆ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಮಗುವಿಗೆ ಎಣ್ಣೆ ತಿಕ್ಕುವ ದಿನ ಈ ಕೈತೊಳೆತ ಮರೆಯಲೇಬಾರದು.

ಪ್ರಶ್ನೆ: ಡಾಕ್ಟರ್ ಬಾಯಾರೇ, ನಾವು ಹುಬ್ಬಳ್ಳಿಯವರು. ನನಗೆ 47. ಗಡ್ಡೆ ಇದೆ ಅಂತ 41ಕ್ಕೇ ಗರ್ಭಕೋಶ, ಎರಡೂ ಅಂಡಾಶಯ ತೆಗೆದಾರೆ. ನಮ್ಮವರಿಗೆ ಸಕ್ಕರೆ ಕಾಯಿಲೆ, ಟೆಸ್ಟೋಸ್ಟೆರಾನ್ ಕಡಿಮೆ ಅಂತ ಜೆಲ್ ಪೊಟ್ಟಣ ಕೊಟ್ಟಾರೆ. ಅದನ್ನೇ ಚೂರು ನಾನೂ ಹಚ್ಚಿಕೊಳ್ಳಬಹುದೇ?

ಉತ್ತರ: ಬೇಡ. ಆದರೆ ನಿಮ್ಮ ಪ್ರಶ್ನೆಯಲ್ಲಿ ಅರ್ಥವಿದೆ. ಅಂಡಾಶಯ ತೆಗೆದ ಕೂಡಲೇ ಹೆಂಗಸರ ಟೆಸ್ಟೋಸ್ಟೆರಾನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅವರ ಶೇ. 1ರ ಜೆಲ್‌ನ 5 ಗ್ರಾಂ ಪೊಟ್ಟಣದಲ್ಲಿ 50 ಮಿ.ಗ್ರಾಂ. ಇರುತ್ತದೆ, ಅಂದರೆ ಹೆಂಗಸಿಗೆ ಹತ್ತು ದಿನಕ್ಕೆ ಆಗುವಷ್ಟು. ಹೆಂಗಸರ ಕ್ರೀಮು ಸಿಗದ ಕಡೆ ಡಾಕ್ಟರುಗಳು ಗಂಡಸರ ಜೆಲ್ಲನ್ನೇ ಹೀಗೆ ಪಾಲು ಮಾಡಿ ಕೊಡುವುದುಂಟು. ಅದು ರಕ್ತ ಪರೀಕ್ಷೆ ಮಾಡುತ್ತಾ, ಬರೆದುಕೊಟ್ಟ ಅಳತೆಯಲ್ಲಿ. ಬೆರಳ ತುದಿಯಲ್ಲಿ ಅಂದಾಜಿನ ಮೇಲೆ ಅಲ್ಲ. ಚರ್ಮದ ಕೆಳಗೆ ಇಡುವ ಗುಳಿಗೆ, ಇಂಜೆಕ್ಷನ್ ಯಾರಾದರೂ ಹೇಳಿದರೂ ಒಪ್ಪಬೇಡಿ. ಹೆಂಗಸರಲ್ಲಿ ಅವು ಮಟ್ಟವನ್ನು ಮಿತಿ ಮೀರಿ ಏರಿಸುತ್ತವೆ.

ನಿಮ್ಮ ಪತ್ರ ಓದಿ ನನಗೆ ಚಿಂತೆಯಾಗಿದ್ದು ಬೇರೆ. 41ಕ್ಕೆ ಅಂಡಾಶಯ ಹೋದಮೇಲೆ ನಿಮಗೆ ಯಾರಾದರೂ ಈಸ್ಟ್ರೋಜೆನ್ ಕೊಟ್ಟರೇ? ಅಷ್ಟು ಬೇಗ ಅದು ನಿಂತರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ತೊಂದರೆ. ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಅದನ್ನು ಕೊಡಬೇಕು. ನಮ್ಮ ಕಡೆ ಗರ್ಭಕೋಶ ತೆಗೆದು, ಹೊಲಿಗೆ ಬಿಚ್ಚಿ, ಮನೆಗೆ ಕಳಿಸಿಬಿಡುತ್ತಾರೆ. ಇದನ್ನು ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಹಳೆಯ ಆಪರೇಷನ್ ಕಾಗದ ತಗೊಂಡು ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ. ನಿಮಗೆ ಗರ್ಭಕೋಶ ಇಲ್ಲದ್ದರಿಂದ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ. ಯಜಮಾನರು ಜೆಲ್ಲನ್ನು ಭುಜಕ್ಕೆ ಹಚ್ಚಿ, ಒಣಗಿಸಿ, ಅಂಗಿ ಹಾಕಿಕೊಳ್ಳಲಿ. ಹತ್ತಿರ ಬರುವ ಮುಂಚೆ ಆ ಜಾಗವನ್ನು ಸೋಪಿನಿಂದ ತೊಳೆಯಲಿ. ಇಲ್ಲದಿದ್ದರೆ ನೀವು ಹಚ್ಚಿಕೊಳ್ಳದೆಯೂ ನಿಮಗೆ ತಾಗುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನ ಟ್ರಾನ್ಸ್ ಗಂಡಸು (ಹುಟ್ಟಿದಾಗ ಹೆಣ್ಣು ಅಂತ ದಾಖಲಾದವನು), ವಯಸ್ಸು 26. ಒಂದು ವರ್ಷದಿಂದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ. ಹಾಕಿಸಿಕೊಂಡ ಮೊದಲ ದಿನಗಳಲ್ಲಿ ಹುರುಪು ಜಾಸ್ತಿ, ಮುಂದಿನ ಡೋಸ್ ಹತ್ತಿರ ಬರುತ್ತಿದ್ದಂತೆ ಸಿಡುಕು, ಸುಸ್ತು. ಜೆಲ್‌ಗೆ ಬದಲಾಗಬಹುದಾ? ಬಂದ ಗಡ್ಡ, ಧ್ವನಿ ಹೊರಟುಹೋಗುತ್ತಾ?

ಉತ್ತರ: ಧ್ವನಿ ಹೋಗುವುದಿಲ್ಲ, ಬಂದ ಗಡ್ಡವೂ ಉಳಿಯುತ್ತದೆ. ಮೇಲೆ ಗಾಯಕಿಗೆ ಭಯ ಅಂತ ಹೇಳಿದ್ದೇ ನಿಮಗೆ ಧೈರ್ಯದ ಮಾತು.

ನೀವು ಹೇಳುವ ಏರಿಳಿತ ನಿಜ. ಇಂಜೆಕ್ಷನ್ ಹಾಕಿದ ಮೊದಲ ದಿನಗಳಲ್ಲಿ ಮಟ್ಟ ಮೇಲೇರಿ ಕೊನೆಗೆ ಕೆಳಗಿಳಿಯುತ್ತದೆ. ಜೆಲ್ ದಿನಾ ಹಚ್ಚುವುದರಿಂದ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ನಿಮ್ಮ ಅಳತೆ ಗಂಡಸರದ್ದೇ, ಹೆಂಗಸರ ಕ್ರೀಮಿನದ್ದಲ್ಲ. ಆದರೆ ಖರ್ಚು ಜಾಸ್ತಿ, ಒಂದು ದಿನವೂ ತಪ್ಪಬಾರದು. ಜೆಲ್‌ಗೆ ಹೋಗುವ ಮುಂಚೆ ಇನ್ನೆರಡು ದಾರಿಗಳನ್ನು ನಿಮ್ಮ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಕೇಳಿ: ಇದೇ ಇಂಜೆಕ್ಷನ್ನನ್ನು ಚಿಕ್ಕ ಪ್ರಮಾಣದಲ್ಲಿ ಬೇಗ ಬೇಗ ತಗೊಳ್ಳುವುದು, ಇಲ್ಲವೇ ಸುಮಾರು ಮೂರು ತಿಂಗಳಿಗೊಮ್ಮೆ ಕೊಡುವ ಟೆಸ್ಟೋಸ್ಟೆರಾನ್ ಅನ್‌ಡೆಕನೊಯೇಟ್ ಎಂಬ ಇಂಜೆಕ್ಷನ್. ಬಹಳ ಜನರಿಗೆ ಮೊದಲನೆಯದರಲ್ಲೇ ಸಿಡುಕು ಇಳಿಯುತ್ತದೆ, ಕೈಯಿಂದ ಹೆಚ್ಚು ದುಡ್ಡೂ ಹೋಗುವುದಿಲ್ಲ.

ರಕ್ತದ ದಪ್ಪ ತೋರಿಸುವ ಹೆಮಟೊಕ್ರಿಟ್ ಪರೀಕ್ಷೆ ಬಿಡಬೇಡಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೆ ಒಂದೆರಡು ಸಲ. ಅದು ಶೇ. 54 ದಾಟಿದರೆ ಪ್ರಮಾಣ ಇಳಿಸಬೇಕಾಗುತ್ತದೆ. ಗರ್ಭಕೋಶ ಇದ್ದರೆ, ಮುಟ್ಟು ನಿಂತಿದ್ದರೂ ಗರ್ಭ ನಿಲ್ಲಬಹುದು. ಟೆಸ್ಟೋಸ್ಟೆರಾನ್ ಗರ್ಭನಿರೋಧಕವಲ್ಲ. ಇದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ ಅನ್ನುವ ಅನುಮಾನದಿಂದ ಬರೆಯುತ್ತಿದ್ದೇನೆ.

ಡಾಕ್ಟರ್ ಭೇಟಿಗೆ ಹೋಗುವಾಗ ಇಂಜೆಕ್ಷನ್ ಹಾಕಿಸಿದ ತಾರೀಖು, ಸಿಡುಕು ಶುರುವಾದ ತಾರೀಖು ಬರೆದುಕೊಂಡು ಹೋಗಿ. ಎರಡು ಡೋಸ್‌ಗಳ ನಡುಮಧ್ಯದ ದಿನ ಒಮ್ಮೆ ರಕ್ತ ಕೊಡಿ. ಅವರು ಬದಲಿಸುವವರೆಗೆ ಈಗಿನ ಇಂಜೆಕ್ಷನ್ ತಪ್ಪಿಸಬೇಡಿ.