ಮೂವತ್ತು ದಿನದ ಸಿಜೆಐ, ಹತ್ತೊಂಬತ್ತು ವರ್ಷದ ತೋಟದ ಕೇಸು

ತಿಪಟೂರು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರ ಇಷ್ಟು: ನಮ್ಮ ರಾಜೇಂದ್ರ ಬಾಬು ಅವರು ಬರೀ ಒಂದು ತಿಂಗಳು ಸಿಜೆಐ (ಭಾರತದ ಮುಖ್ಯ ನ್ಯಾಯಮೂರ್ತಿ) ಆಗಿದ್ರು, ಮುಂದೆ ಸುಪ್ರೀಂ ಕೋರ್ಟ್ ಜಡ್ಜ್ ನಾಗರತ್ನ ಅವರಿಗೂ ಒಂದು ತಿಂಗಳು ಚಿಲ್ಲರೆ ಸಿಗುತ್ತಂತೆ, ಇದು ಕನ್ನಡಿಗರಿಗೆ ಮಾಡೋ ಮೋಸ ಅಲ್ವಾ? ಸರ್ಕಾರವೇ ಒಳ್ಳೆಯವರನ್ನ ಆರಿಸಿ ಐದು ವರ್ಷ ಕೂರಿಸಬಾರದಾ? ಇನ್ನೊಂದು, ನಮ್ಮ ಚಿಕ್ಕಪ್ಪನ ತೆಂಗಿನ ತೋಟದ ಕೇಸು ಹತ್ತೊಂಬತ್ತು ವರ್ಷದಿಂದ ಸಿವಿಲ್ ಕೋರ್ಟಲ್ಲೇ ಕೊಳೀತಿದೆ, ಸಿಜೆಐಗೆ ನೇರ ಕಾಗದ ಹಾಕಿದ್ರೆ ಒಂದು ಮಾತು ಹೇಳಿ ಮುಗಿಸಲ್ವಾ?

ಸ್ವಾಮಿ, ಮೋಸ ಗೀಸ ಏನೂ ಇಲ್ಲ, ಇದೆಲ್ಲ ಹುಟ್ಟಿದ ತಾರೀಖಿನ ಆಟ. ಸುಪ್ರೀಂ ಕೋರ್ಟ್ ಜಡ್ಜ್‌ಗಳಿಗೆ 65ಕ್ಕೆ ರಿಟೈರ್‌ಮೆಂಟ್, ಸಿಜೆಐ ಆದ್ರೂ ಅಷ್ಟೇ, ಆ ಕುರ್ಚಿಗೆ ಅಂತ ಬೇರೆ ಅವಧಿ ಇಲ್ಲ. ಇರೋರು ರಿಟೈರ್ ಆದ ದಿನ ಸೀನಿಯಾರಿಟಿಯಲ್ಲಿ ಯಾರು ಮುಂದಿದಾರೋ ಅವರು ಸಿಜೆಐ, ಅವರಿಗೆ 65 ತುಂಬೋಕೆ ಎಷ್ಟು ದಿನ ಬಾಕಿ ಇದೆಯೋ ಅಷ್ಟು ದಿನ. ರಾಜೇಂದ್ರ ಬಾಬು ಹುಟ್ಟಿದ್ದು 1939ರ ಜೂನ್ 1, ಸರದಿ ಬಂದಿದ್ದು 2004ರ ಮೇ 2ಕ್ಕೆ, ಹಂಗಾಗಿ ಮೇ 31ಕ್ಕೆ ಮನೆಗೆ. ಅದೂ ಮೇ ತಿಂಗಳು, ಕೋರ್ಟಿಗೆ ಬೇಸಿಗೆ ರಜೆ ಶುರುವಾಗೋ ಹೊತ್ತು! ಕನ್ನಡಿಗರಿಗೆ ಮಾತ್ರ ಹಿಂಗೆ ಅಂದ್ಕೋಬೇಡಿ, 1991ರಲ್ಲಿ ಕೆ.ಎನ್. ಸಿಂಗ್ ಅವರಿಗೆ ಸಿಕ್ಕಿದ್ದು 17 ದಿನ. ಇನ್ನೊಂದು ಕಡೆ ವೈ.ವಿ. ಚಂದ್ರಚೂಡ್ 1978ರಿಂದ 1985ರ ತನಕ, ಏಳು ವರ್ಷ ದಾಟಿ ಕೂತಿದ್ರು. ನಮ್ಮವರಲ್ಲೇ ನೋಡಿ, ಇ.ಎಸ್. ವೆಂಕಟರಾಮಯ್ಯ 1989ರಲ್ಲಿ ಆರು ತಿಂಗಳು, ಎಂ.ಎನ್. ವೆಂಕಟಾಚಲಯ್ಯ 1993-94ರಲ್ಲಿ ಇಪ್ಪತ್ತು ತಿಂಗಳು, ಎಚ್.ಎಲ್. ದತ್ತು 2014-15ರಲ್ಲಿ ಹದಿನಾಲ್ಕು ತಿಂಗಳು. ನಾಗರತ್ನ ಅವರು ಈ ವೆಂಕಟರಾಮಯ್ಯನವರ ಮಗಳೇ, ಸರದಿ ಪ್ರಕಾರವೇ ನಡೆದ್ರೆ 2027ರ ಸೆಪ್ಟೆಂಬರ್ ಕೊನೆಗೆ ಅವರ ಪಾಳಿ, 36 ದಿನ. ದೇಶದ ಮೊದಲ ಮಹಿಳಾ ಸಿಜೆಐ.

ಸೀನಿಯಾರಿಟಿ ಅಂದ್ರೆ ವಯಸ್ಸಲ್ಲ ಮತ್ತೆ, ಸುಪ್ರೀಂ ಕೋರ್ಟಲ್ಲಿ ಪ್ರಮಾಣವಚನ ತಗೊಂಡ ಕ್ರಮ. 2021ರ ಆಗಸ್ಟ್ 31ರಂದು ಒಂದೇ ದಿನ ಒಂಬತ್ತು ಜನ ಪ್ರಮಾಣ ತಗೊಂಡ್ರಲ್ಲ, ಆ ಸಾಲಲ್ಲಿ ವಿಕ್ರಮ್ ನಾಥ್ ಮುಂದೆ, ನಾಗರತ್ನ ಅವರ ಹಿಂದೆ, ನರಸಿಂಹ ಇನ್ನೂ ಹಿಂದೆ. ಮೂವರೂ ಅದೇ ಕ್ರಮದಲ್ಲಿ ಒಬ್ಬರಾದ್ಮೇಲೆ ಒಬ್ಬರು ಸಿಜೆಐ ಆಗೋ ಲೆಕ್ಕ ಇದೆ. ಮೈಕ್ ಮುಂದೆ ಯಾರು ಮೊದಲು ಹೋದ್ರು ಅನ್ನೋದು ಆರು ವರ್ಷ ಆದ್ಮೇಲೆ ದೇಶದ ದೊಡ್ಡ ಕುರ್ಚಿ ಯಾರಿಗೆ ಯಾವಾಗ ಅಂತ ಹೇಳುತ್ತೆ. ವಿಚಿತ್ರವೇ, ನಾನೂ ಒಪ್ತೀನಿ.

ಹಂಗಾದ್ರೆ ಸರ್ಕಾರವೇ ಆರಿಸಲಿ ಅಂತೀರಿ. ಇಲ್ಲಿ ನಾನು ಸ್ವಲ್ಪ ಜೋರಾಗೇ ಬೇಡ ಅಂತೀನಿ, ಯಾಕಂದ್ರೆ ಹಂಗೆ ಆರಿಸಿದಾಗ ಪೆಟ್ಟು ತಿಂದವರಲ್ಲಿ ಒಬ್ಬರು ನಮ್ಮ ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆ. 1973ರ ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ಕೇಸಿನ ತೀರ್ಪು ಬಂತು, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹಾಕಿದ ಕೇಸು, ಹದಿಮೂರು ಜಡ್ಜ್‌ಗಳು, 7-6. ಸಂವಿಧಾನದ ಮೂಲ ಸ್ವರೂಪವನ್ನ ಪಾರ್ಲಿಮೆಂಟೂ ಮುಟ್ಟಂಗಿಲ್ಲ ಅಂದ ಏಳು ಜನದಲ್ಲಿ ಶೆಲತ್, ಹೆಗ್ಡೆ, ಗ್ರೋವರ್ ಮೂವರೂ ಇದ್ರು, ಸೀನಿಯಾರಿಟಿಯಲ್ಲೂ ಇವರೇ ಮೊದಲ ಮೂವರು. ಎರಡೇ ದಿನ, ಏಪ್ರಿಲ್ 26ಕ್ಕೆ ಸಿಜೆಐ ಆಗಿ ಪ್ರಮಾಣ ತಗೊಂಡಿದ್ದು ನಾಲ್ಕನೆಯವರಾದ ಎ.ಎನ್. ರೇ, ಅವರು ಆ ಆರು ಜನದ ಕಡೆ ಇದ್ದವರು. ಮೂವರೂ ರಾಜೀನಾಮೆ ಬಿಸಾಕಿ ಬಂದ್ರು. ಸಂವಿಧಾನದಲ್ಲಿ ಸೀನಿಯರ್‌ನೇ ಮಾಡಬೇಕು ಅಂತ ಎಲ್ಲೂ ಬರೆದಿಲ್ಲ ನೋಡಿ, ಅದು ಬರೀ ಪದ್ಧತಿ, ಹಂಗಾಗಿ ತಡೆಯೋರೂ ಇರಲಿಲ್ಲ. 1977ರ ಜನವರಿಯಲ್ಲಿ ಮತ್ತೆ ಅದೇ ಕಥೆ, ಎಮರ್ಜೆನ್ಸಿಯಲ್ಲಿ ಜೈಲಿಗೆ ಹಾಕಿದವರು ಕೋರ್ಟಿಗೆ ಬರೋ ಹಕ್ಕಿನ ಪರ ಒಬ್ಬರೇ ನಿಂತ ಎಚ್.ಆರ್. ಖನ್ನಾ ಅವರನ್ನ ದಾಟಿಸಿ ಬೇಗ್ ಅವರನ್ನ ಕೂರಿಸಿದ್ರು. ಹೆಗ್ಡೆಯವರು ಅದೇ ವರ್ಷ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆ ಸ್ಪೀಕರ್ ಆದ್ರು, ಅದು ಬೇರೆ ಮಾತು. 1977ರ ಜನವರಿ ಆದ್ಮೇಲೆ ಯಾರೂ ಸೀನಿಯಾರಿಟಿ ಸಾಲು ಮುರಿದಿಲ್ಲ. 17 ದಿನದ ಸಿಜೆಐ ಅಂದ್ರೆ ನಗು ಬರುತ್ತೆ ನಿಜ, ಆದ್ರೆ ಕ್ಯಾಲೆಂಡರಿಗೆ ಯಾವ ತೀರ್ಪು ಯಾರ ಪರ ಅಂತ ಗೊತ್ತಿರಲ್ಲ, ಮಂತ್ರಿಗೆ ಗೊತ್ತಿರುತ್ತೆ. ನಿಗದಿತ ಅವಧಿ ಇರಲಿ ಅನ್ನೋರು ಇದಾರೆ, ಅದಕ್ಕೆ ಕೆಲವರನ್ನ ದಾಟಲೇಬೇಕು, ಯಾರು ದಾಟಿಸೋದು ಅಂತ ಕೇಳಿದ್ರೆ ಮತ್ತೆ ಅಲ್ಲಿಗೇ ಬಂದು ನಿಲ್ತೀವಿ.

ಇನ್ನು ಅಧಿಕಾರದ ವಿಷಯ. ಸಿಜೆಐ ಅಂದ್ರೆ ಉಳಿದ ಜಡ್ಜ್‌ಗಳಿಗೆಲ್ಲ ಬಾಸ್ ಅಂತ ತಿಳ್ಕೊಂಡಿದೀರಿ. ತೀರ್ಪು ಬರೆಯೋವಾಗ ಅವರದ್ದೂ ಒಂದೇ ವೋಟು. 2017ರ ತ್ರಿವಳಿ ತಲಾಕ್ ಕೇಸಲ್ಲಿ ಸಿಜೆಐ ಖೇಹರ್ ಅವರೇ 3-2ರಲ್ಲಿ ಸೋತ ಕಡೆ ಇದ್ರು, ಅವರ ಜೊತೆಗಿದ್ದ ಇನ್ನೊಬ್ಬರು ನಮ್ಮ ಮೂಡುಬಿದಿರೆ ಕಡೆಯ ಅಬ್ದುಲ್ ನಜೀರ್. ಅಸಲಿ ಪವರ್ ಇರೋದು ರೋಸ್ಟರ್‌ನಲ್ಲಿ. ಯಾವ ಕೇಸು ಯಾವ ಬೆಂಚಿಗೆ, ಬೆಂಚಲ್ಲಿ ಯಾರ್ಯಾರು, ಐದು ಜನದ ಸಂವಿಧಾನ ಪೀಠ ಯಾವಾಗ, ಇದೆಲ್ಲ ಅವರ ಕೈಯಲ್ಲಿ. ಮೊದಲೆಲ್ಲ ಬೆಳಿಗ್ಗೆ ಹೊತ್ತು ಸಿಜೆಐ ಕೂರೋ ಕೋರ್ಟ್ ನಂಬರ್ ಒಂದರಲ್ಲಿ ಕರಿ ಕೋಟುಗಳು ಒತ್ತಾಗಿ ನಿಂತಿರ್ತಿದ್ವಲ್ಲ, ಅದು ಮೆನ್ಷನಿಂಗ್‌ಗೆ, ನಮ್ಮ ಕೇಸು ಅರ್ಜೆಂಟು, ಬೇಗ ಲಿಸ್ಟ್ ಮಾಡಿ ಸ್ವಾಮಿ ಅಂತ, ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬೇಕಿತ್ತು. ಒಂದು ಕೇಸನ್ನ ವಜಾ ಮಾಡೋಕೆ ಒಂದು ಆದೇಶವಾದ್ರೂ ಬರೀಬೇಕು, ಲಿಸ್ಟ್ ಮಾಡದೇ ಇರೋಕೆ ಏನೂ ಬರೀಬೇಕಾಗಿಲ್ಲ. 2018ರ ಜನವರಿ 12ಕ್ಕೆ ಸುಪ್ರೀಂ ಕೋರ್ಟ್ ಜಡ್ಜ್‌ಗಳಾದ ಚೆಲಮೇಶ್ವರ್, ಗೊಗೊಯ್, ಲೋಕೂರ್, ಕುರಿಯನ್ ಜೋಸೆಫ್ ನಾಲ್ವರೂ ಚೆಲಮೇಶ್ವರ್ ಮನೆ ಲಾನಲ್ಲಿ ಕೂತು ಪ್ರೆಸ್ ಮೀಟ್ ಮಾಡಿದ್ರಲ್ಲ, ಅವರ ತಕರಾರಿನ ತಿರುಳೇ ಕೇಸು ಹಂಚೋ ರೀತಿ. ಆಮೇಲೆ ಅದೇ ವರ್ಷ ಸುಪ್ರೀಂ ಕೋರ್ಟೇ, ರೋಸ್ಟರ್‌ಗೆ ಸಿಜೆಐ ಒಬ್ಬರೇ ಯಜಮಾನ ಅಂತ ಮತ್ತೆ ಗಟ್ಟಿ ಮಾಡ್ತು. ನನಗೆ ಕೇಳಿದ್ರೆ ಅವಧಿಗಿಂತ ಇದರ ಬಗ್ಗೆ ತಲೆ ಕೆಡಿಸ್ಕೊಳ್ಳೋದು ಒಳ್ಳೇದು, ಮೂವತ್ತು ದಿನ ಸಿಕ್ಕೋರು ಹೊಸ ರೋಸ್ಟರ್ ಮಾಡಿ ಅದು ಒಂದು ಹದಕ್ಕೆ ಬರೋದ್ರೊಳಗೆ ಬೀಳ್ಕೊಡುಗೆ ಸಮಾರಂಭ ಬಂದಿರುತ್ತೆ.

ಕೊನೆಗೆ ಚಿಕ್ಕಪ್ಪನ ತೋಟ. ಸಿಜೆಐಗೆ ಕಾಗದ ಬರೆದ್ರೆ ಅದು ಹೋಗೋದು ಪಿಐಎಲ್ ಸೆಲ್‌ಗೆ (ಸಾರ್ವಜನಿಕ ಹಿತಾಸಕ್ತಿ ಅರ್ಜಿ ನೋಡೋ ವಿಭಾಗ), ಅಲ್ಲಿನ ಗೈಡ್‌ಲೈನ್ಸ್‌ನಲ್ಲಿ ಏನೇನು ತಗೊಳ್ಳಲ್ಲ ಅಂತ ಪಟ್ಟಿಯೇ ಇದೆ, ಕೆಳಗಿನ ಕೋರ್ಟಲ್ಲಿರೋ ಕೇಸು ಬೇಗ ಮುಗಿಸಿ ಅನ್ನೋ ಅರ್ಜಿ ಆ ಪಟ್ಟಿಯಲ್ಲೇ ಬರುತ್ತೆ. ಸಿಜೆಐ ತಿಪಟೂರಿನ ಸಿವಿಲ್ ಜಡ್ಜ್‌ಗೆ ಫೋನ್ ಮಾಡಿ ಹೇಳೋ ಹಂಗೂ ಇಲ್ಲ, ಕೆಳಗಿನ ಕೋರ್ಟುಗಳ ಉಸ್ತುವಾರಿ ಸಂವಿಧಾನದ ಪ್ರಕಾರ ಹೈಕೋರ್ಟಿನದು. ಬೇಗ ಮುಗಿಸಿ ಅಂತ ನಿಮ್ಮ ವಕೀಲರ ಕೈಲಿ ಅದೇ ಕೋರ್ಟಲ್ಲಿ ಅರ್ಜಿ ಹಾಕ್ಸಿ, ಆಗಲಿಲ್ಲ ಅಂದ್ರೆ ಹೈಕೋರ್ಟಿಗೆ ಹೋಗೋ ದಾರಿ ಇದೆ. ರಾಜಿಗೆ ಮನಸ್ಸಿದ್ರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಲ್ಲೇ ಕೋರ್ಟ್ ಆವರಣದಲ್ಲಿ ಇರುತ್ತೆ, ಲೋಕ ಅದಾಲತ್‌ಗೆ ಕಳಿಸ್ತಾರೆ.

ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ, ಪ್ರತಿ ತಾರೀಖಿಗೆ ಏನಾಯ್ತು ಅಂತ ಕೋರ್ಟು ಬರೆದಿಡೋ ಆರ್ಡರ್ ಶೀಟಿನ ಕಾಪಿ ತಗೊಂಡು ಕೂತ್ಕೊಂಡು ಓದಿ. ವಿಚಾರಣೆ ಶುರುವಾದ್ಮೇಲೆ ಒಂದು ಪಾರ್ಟಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು ಅಂತ ಸಿವಿಲ್ ಪ್ರೊಸೀಜರ್ ಕೋಡ್‌ನಲ್ಲೇ ಇದೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟಾಗಿದೆ, ಅದರಲ್ಲಿ ಎದುರು ಪಾರ್ಟಿ ಕೇಳಿದ್ದೆಷ್ಟು, ಚಿಕ್ಕಪ್ಪನ ವಕೀಲರೇ ಕೇಳಿದ್ದೆಷ್ಟು ಅಂತ ಎಣಿಸಿ ಇನ್ನೊಂದು ಕಾಗದ ಹಾಕಿ. ಎರಡು ಪುಟ ಸಾಕು.