ಕೋವಿಡ್ ಕಾಲದ ಹೈ-ಫ್ಲೋ ಮಷೀನನ್ನು ಮಕ್ಕಳ ಶ್ವಾಸನಾಳದ ಎಂಡೋಸ್ಕೋಪಿಗೆ ಬಳಸಬಹುದೇ?

ಕೋವಿಡ್ ಸಮಯದಲ್ಲಿ ಬಂದ ಏರ್ವೋ 2 (ಬಿಸಿ, ತೇವದ ಗಾಳಿ-ಆಕ್ಸಿಜನ್ನನ್ನು ಮೂಗಿಗೆ ಜೋರಾಗಿ ಹರಿಸುವ ಹೈ-ಫ್ಲೋ ಮಷೀನು) ನಿಮ್ಮಲ್ಲಿ ಮೂಲೆ ಸೇರಿದೆ, 12 ಕೆ.ಜಿ. ತೂಕದ ಮಗುವಿಗೆ ಟ್ಯೂಬ್ ಹಾಕದೆ ಅರಿವಳಿಕೆ ಕೊಟ್ಟು ಗಂಟಲು-ಶ್ವಾಸನಾಳ ನೋಡುವಾಗ ಅದನ್ನು ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು. ಆದರೆ ಅದು ಆಕ್ಸಿಜನ್ ಒದಗಿಸುತ್ತದೆಯೇ ಹೊರತು ಮಗುವಿನ ಪರವಾಗಿ ಉಸಿರಾಡುವುದಿಲ್ಲ.

ಮೊದಲು ಸೆಟ್ಟಿಂಗ್. 15 ಕೆ.ಜಿ.ವರೆಗೆ ಕೆ.ಜಿ.ಗೆ ನಿಮಿಷಕ್ಕೆ 2 ಲೀಟರ್, ಅಂದರೆ ನಿಮ್ಮ ಮಗುವಿಗೆ 24 ಲೀಟರ್. ಮಕ್ಕಳ ಕ್ಯಾನುಲಾ (ಮೂಗಿಗೆ ಹಾಕುವ ಕವಲು ಕೊಳವೆ) ಹಾಕಿ, ಮೋಡ್ ಬಟನ್ 5 ಸೆಕೆಂಡ್ ಒತ್ತಿ ಹಿಡಿದು ಜೂನಿಯರ್ ಮೋಡ್‌ಗೆ ತನ್ನಿ. ಅದರಲ್ಲಿ ಫ್ಲೋ 2ರಿಂದ 25 ಲೀಟರ್, ಉಷ್ಣತೆ 34 ಡಿಗ್ರಿಗೆ ನಿಗದಿ. ಕ್ಯಾನುಲಾದ ಕೊಳವೆ ಮೂಗಿನ ಹೊಳ್ಳೆಯ ಅರ್ಧಕ್ಕಿಂತ ಹೆಚ್ಚು ಜಾಗ ಮುಚ್ಚಬಾರದು. ಮುಚ್ಚಿದರೆ ಗಾಳಿ ಹೊರಬರಲು ದಾರಿಯಿಲ್ಲದೆ ಒತ್ತಡ ಏರುತ್ತದೆ. ಮಷೀನು ಬಿಸಿಯಾಗಲು ಅರ್ಧ ಗಂಟೆಯಾದರೂ ಬೇಕಾಗಬಹುದು, ಆದ್ದರಿಂದ ಮಗು ಒಟಿಗೆ ಬರುವ ಮೊದಲೇ ಆನ್ ಮಾಡಿಡಿ. ಮಷೀನು ಮಗುವಿನ ತಲೆಗಿಂತ ಕೆಳಗಿರಲಿ, ಇಲ್ಲವಾದರೆ ಪೈಪಿನಲ್ಲಿ ನಿಂತ ನೀರು ನೇರ ಮೂಗಿಗೆ ಹೋಗುತ್ತದೆ.

ಜಿಲ್ಲಾ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ತಪ್ಪುವುದು ಇಲ್ಲಿ: ಈ ಮಷೀನು ಕೋಣೆಯ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ಆಕ್ಸಿಜನ್ ನಾವು ಪಕ್ಕದಿಂದ ಸೇರಿಸಬೇಕು. ಗೋಡೆಯ ಮಾಮೂಲಿ ಫ್ಲೋಮೀಟರ್ 15 ಲೀಟರ್ ಮಾತ್ರ ಕೊಡುತ್ತದೆ. 24 ಲೀಟರಿನಲ್ಲಿ ಉಳಿದ 9 ಲೀಟರ್ ಬರೀ ಗಾಳಿ, ಮಗುವಿಗೆ ಸಿಗುವುದು ಸುಮಾರು ಶೇ. 70 ಆಕ್ಸಿಜನ್. 30 ಲೀಟರಿನ ಫ್ಲೋಮೀಟರ್ ತರಿಸಿ. ಸಿಲಿಂಡರಿನಿಂದ ನಡೆಸುವುದಾದರೆ 1,500 ಲೀಟರಿನ ಬಿ-ಟೈಪ್ ಒಂದು ಗಂಟೆಯಲ್ಲಿ ಖಾಲಿ.

ಶೇಕಡಾವಾರಿಗೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೀವಾ ಮತ್ತು ಸಂಗಡಿಗರು 10ರಿಂದ 20 ಕೆ.ಜಿ. ತೂಕದ 60 ಮಕ್ಕಳ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಸಿರು ನಿಂತ ಸ್ಥಿತಿಯಲ್ಲಿ ಶೇ. 100 ಆಕ್ಸಿಜನ್ನನ್ನು ಕೆ.ಜಿ.ಗೆ ನಿಮಿಷಕ್ಕೆ 0.2 ಲೀಟರ್ ಕೊಟ್ಟರೂ 2 ಲೀಟರ್ ಕೊಟ್ಟರೂ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಶೇಕಡಾ ಪ್ರಮಾಣ) ಹೆಚ್ಚುಕಡಿಮೆ ಒಂದೇ ಸಮನೆ ಉಳಿಯಿತು. ಶೇ. 30 ಕೊಟ್ಟ ಗುಂಪಿನಲ್ಲಿ ಬೇಗ ಇಳಿಯಿತು. ಕೆಲಸದ ಬಹುಪಾಲು ಮಾಡುವುದು ಆಕ್ಸಿಜನ್ನಿನ ಸಾಂದ್ರತೆ, ಫ್ಲೋ ಅಲ್ಲ. ಮಷೀನು ಇಲ್ಲದಿದ್ದರೆ ಕೇಸೇ ಆಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಾರ್ಬನ್ ಡೈಆಕ್ಸೈಡ್ ವಿಷಯ ಬೇರೆ. ದೊಡ್ಡವರಲ್ಲಿ ಹೈ-ಫ್ಲೋ ಅದನ್ನು ಸ್ವಲ್ಪ ಹೊರಹಾಕುತ್ತದೆ ಎನ್ನುತ್ತಾರೆ. ಮಕ್ಕಳ ಅಧ್ಯಯನಗಳಲ್ಲಿ ಅದು ಕಂಡಿಲ್ಲ, ಉಸಿರು ನಿಂತರೆ ರಕ್ತದಲ್ಲಿ ಅದರ ಒತ್ತಡ ನಿಮಿಷಕ್ಕೆ 2ರಿಂದ 4 ಮಿ.ಮೀ. ಪಾದರಸದಷ್ಟು ಏರುತ್ತಲೇ ಹೋಗುತ್ತದೆ. ಮಾನಿಟರ್ ಮಾತ್ರ ಸ್ಯಾಚುರೇಶನ್ 100 ತೋರಿಸುತ್ತಾ ಕೂತಿರುತ್ತದೆ! ಹೊರಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ನಂಬಬೇಡಿ, ಅಷ್ಟು ಜೋರಿನ ಫ್ಲೋನಲ್ಲಿ ಅದರ ರೀಡಿಂಗ್ ಕೊಚ್ಚಿಹೋಗುತ್ತದೆ. ಎದೆ ಕಾಣುವಂತೆ ಬಟ್ಟೆ ಸರಿಸಿಟ್ಟು, ಎದೆ-ಹೊಟ್ಟೆಯ ಏರಿಳಿತ ನೋಡಲೆಂದೇ ಒಬ್ಬರನ್ನು ನಿಲ್ಲಿಸಿ.

ಹಾಗಾಗಿ ಮಗು ತಾನೇ ಉಸಿರಾಡುವಂತೆ ಇಟ್ಟುಕೊಳ್ಳುವುದು ಮುಖ್ಯ. ಅರಿವಳಿಕೆ ಔಷಧ ಪ್ರೊಪೊಫೋಲನ್ನು ಇನ್‌ಫ್ಯೂಷನ್ನಿನಲ್ಲಿ ನಿಧಾನವಾಗಿ ಏರಿಸಿ, ಬೋಲಸ್ (ಒಂದೇ ಸಲಕ್ಕೆ ಪೂರ್ತಿ ಡೋಸ್) ಕೊಟ್ಟರೆ ಉಸಿರು ನಿಲ್ಲಬಹುದು. ಸ್ವರತಂತುಗಳ ಮೇಲೆ ಮರಗಟ್ಟಿಸುವ ಲಿಗ್ನೋಕೇನ್ ಕೆ.ಜಿ.ಗೆ 4 ಮಿ.ಗ್ರಾಂ. ಮೀರದಂತೆ ಹಾಕಿ. ಶೇ. 10ರ ಸ್ಪ್ರೇ ಒಂದು ಒತ್ತಿಗೆ 10 ಮಿ.ಗ್ರಾಂ. ಬೀಳುತ್ತದೆ, 12 ಕೆ.ಜಿ.ಗೆ ನಾಲ್ಕು ಒತ್ತು ಸಾಕು. ಮೇಲು ಮೇಲಿನ ಅರಿವಳಿಕೆಯಲ್ಲಿ ಸ್ಕೋಪ್ ತೂರಿಸಿದರೆ ಲ್ಯಾರಿಂಗೋಸ್ಪಾಸಂ (ಸ್ವರತಂತುಗಳು ಬಿಗಿದು ಮುಚ್ಚಿಕೊಳ್ಳುವುದು) ಆಗುವ ಅಪಾಯ ಹೆಚ್ಚು. ಆಗ ಆ 24 ಲೀಟರ್ ಹೋಗುವುದು ಹೊಟ್ಟೆಗೆ. ನಾಲಿಗೆ ಹಿಂದೆ ಬಿದ್ದರೂ ಅಷ್ಟೇ, ದವಡೆ ಎತ್ತಿ ಹಿಡಿಯಬೇಕು. ಹೊಟ್ಟೆ ಉಬ್ಬಿದರೆ ನಳಿಕೆ ಹಾಕಿ ಗಾಳಿ ತೆಗೆಯಿರಿ.

ಸ್ಯಾಚುರೇಶನ್ 92ಕ್ಕೆ ಇಳಿದರೆ ಸ್ಕೋಪ್ ಹೊರಗೆ ಎಂದು ಸರ್ಜನ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಮಾಸ್ಕ್ ಹಿಡಿಯುವ ಮುನ್ನ ಕ್ಯಾನುಲಾ ತೆಗೆಯಿರಿ. ಹರಿಯುವ ಕ್ಯಾನುಲಾದ ಮೇಲೆ ಬಿಗಿಯಾಗಿ ಮಾಸ್ಕ್ ಒತ್ತಿದರೆ ಶ್ವಾಸಕೋಶ ಒಡೆಯುವಷ್ಟು ಒತ್ತಡ ಬರಬಹುದು.

ಲೇಸರ್ ಅಥವಾ ಡಯಾಥರ್ಮಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸುವ ಉಪಕರಣ) ಬಳಸುವ ಕೇಸಿಗೆ ಶೇ. 100 ಆಕ್ಸಿಜನ್ ಬೇಡವೇ ಬೇಡ, ಗಂಟಲೊಳಗೇ ಬೆಂಕಿ ಹೊತ್ತಿಕೊಳ್ಳಬಹುದು. ಶೇ. 30ಕ್ಕೆ ಇಳಿಸಬೇಕು, ಇಳಿಸಿದರೆ ಹೈ-ಫ್ಲೋದಿಂದ ಸಿಗುವ ಸಮಯವೂ ಹೋಯಿತು, ಅಂಥ ಕಡೆ ಬೇರೆ ವಿಧಾನ ನೋಡಿ. ಮೂಗು ಪೂರ್ತಿ ಕಟ್ಟಿದ್ದರೆ, ತಲೆಬುರುಡೆಯ ತಳ ಮುರಿದಿದ್ದರೆ, ನ್ಯೂಮೋಥೊರಾಕ್ಸ್‌ಗೆ (ಶ್ವಾಸಕೋಶದ ಸುತ್ತ ಗಾಳಿ ತುಂಬಿರುವುದಕ್ಕೆ) ಇನ್ನೂ ಡ್ರೈನ್ ಹಾಕಿಲ್ಲದಿದ್ದರೆ ಈ ಮಷೀನು ಹಚ್ಚಲೇಬೇಡಿ.